ಮರೆತವರ ನೆಮ್ಮದಿಗೆ ಅಳತೆಗೋಲು ಯಾವುದು?

ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಆರೈಕೆ ಕೇಂದ್ರ ಸೇರಿದವರ ಬದುಕು ಹೇಗಿದೆಯೆಂದು ಅರಿಯುವ ಬಗೆ ಯಾವುದು?

ಹಾಸಿಗೆ, ಶೌಚಾಲಯ, ದಾದಿಯರನ್ನು ಎಣಿಸುವುದು ಸುಲಭ. ನೆಮ್ಮದಿಯನ್ನು ಅಳೆಯುವುದು ಕಷ್ಟ. 1999ರಲ್ಲಿ ಅಮೆರಿಕದ ತಜ್ಞರು ಪ್ರಕಟಿಸಿದ 'ಕ್ಯೂಓಎಲ್-ಎಡಿ' ಪ್ರಶ್ನಾವಳಿ ಆರೋಗ್ಯ, ಮನಃಸ್ಥಿತಿ, ನೆನಪು, ಕುಟುಂಬ ಮೊದಲಾದ 13 ವಿಷಯಗಳಿಗೆ ತಲಾ 1ರಿಂದ 4 ಅಂಕ ನೀಡುತ್ತದೆ. ರೋಗಿಯನ್ನೂ ಆರೈಕೆದಾರರನ್ನೂ ಪ್ರತ್ಯೇಕವಾಗಿ ಕೇಳುವುದು ಇದರ ವಿಶೇಷ. ಸಾಮಾನ್ಯವಾಗಿ ರೋಗಿಗಳು ತಮ್ಮ ಬದುಕಿಗೆ ಕೊಡುವ ಅಂಕವೇ ಹೆಚ್ಚು. ಆರೈಕೆದಾರರ ದಣಿವು, ಖಿನ್ನತೆಗಳು ಅವರ ಉತ್ತರದಲ್ಲಿ ಬೆರೆಯುವುದುಂಟು. ಮಾತು ಉಡುಗಿದವರಿಗಾಗಿ, ಸಿಬ್ಬಂದಿ ಗಮನಿಸಿ ದಾಖಲಿಸುವ 'ಕ್ವಾಲಿಡೆಮ್' ವಿಧಾನ ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡಿದೆ.

ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯ್ದೆಯು, ತಾವು ಸ್ಥಾಪಿಸುವ ವೃದ್ಧಾಶ್ರಮಗಳ ಗುಣಮಟ್ಟ ನಿಗದಿಪಡಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದೆ. ಆ ಗುಣಮಟ್ಟ ಕಟ್ಟಡಕ್ಕಷ್ಟೇ ಸೀಮಿತವಾದರೆ ಸಾಲದು. ಖಾಸಗಿ ಕೇಂದ್ರಗಳಿಗೂ ಇದೇ ಮಾತು ಸಲ್ಲುತ್ತದೆ. ನಿವಾಸಿಯನ್ನು ಅವರ ತಾಯ್ನುಡಿಯಲ್ಲೇ ಕೇಳಬೇಕು. ಉತ್ತರಿಸಲಾಗದವರನ್ನು ತಾಳ್ಮೆಯಿಂದ ಗಮನಿಸಬೇಕು. ನಿಗದಿತ ಅವಧಿಗೊಮ್ಮೆ ಫಲಿತಾಂಶವನ್ನು ಹೋಲಿಸಬೇಕು. ನೆನಪು ಅಳಿದರೂ ಸುಖದುಃಖದ ಅನುಭವ ಅಳಿಯುವುದಿಲ್ಲ. ಶುಲ್ಕ ಕಟ್ಟುವವರ ಸಮಾಧಾನವನ್ನೇ ನಿವಾಸಿಯ ನೆಮ್ಮದಿಯೆಂದು ಲೆಕ್ಕ ಹಾಕುವುದು ನ್ಯಾಯವಲ್ಲ.