ತಾರೀಖು ಮುಗಿದ ದಾನ

2021ರ ಡಿಸೆಂಬರ್ 22ರಂದು ನೈಜೀರಿಯಾದ ರಾಜಧಾನಿ ಅಬುಜಾದ ಗೋಸಾ ಕಸದ ರಾಶಿಯ ಮೇಲೆ ಬುಲ್ಡೋಜರ್ ಓಡಿತು. ಅದರಡಿ ಅಪ್ಪಚ್ಚಿಯಾದದ್ದು ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಯ ಪೆಟ್ಟಿಗೆಗಳು, ಹತ್ತು ಲಕ್ಷಕ್ಕೂ ಹೆಚ್ಚು ಡೋಸ್. ಎಲ್ಲವೂ ಸಿರಿವಂತ ದೇಶಗಳ ದಾನ. ಕೈಸೇರುವಾಗಲೇ ಅವಧಿ ಮುಗಿಯಲು ಕೆಲವು ವಾರ ಬಾಕಿ. ಆಫ್ರಿಕಾದವರಿಗೆ ಕೊಟ್ಟರೂ ಹಾಕಿಸಿಕೊಳ್ಳುವುದಿಲ್ಲ ಎಂದು ಮೂಗು ಮುರಿದವರು ಪೆಟ್ಟಿಗೆ ಮೇಲಿನ ತಾರೀಖು ಓದಿರಲಿಕ್ಕಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಕೈಮುಗಿದು ಕೇಳುವುದೊಂದು ಬಾಕಿ. ಪ್ರತಿ ದೇಶದಲ್ಲೂ ನೂರಕ್ಕೆ ಹತ್ತು ಮಂದಿಗಾದರೂ ಲಸಿಕೆ ಸಿಗಲಿ, ಸೆಪ್ಟೆಂಬರ್ ಮುಗಿಯುವ ತನಕ ಬೂಸ್ಟರ್ ನಿಲ್ಲಿಸಿ ಎಂದರು. ಇಸ್ರೇಲ್ ಅಷ್ಟರಲ್ಲೇ ಅರವತ್ತು ದಾಟಿದವರಿಗೆ ಮೂರನೇ ಸೂಜಿ ಚುಚ್ಚತೊಡಗಿತ್ತು. ಗಡುವು ವರ್ಷದ ಕೊನೆಗೆ ಹೋಯಿತು. ನವೆಂಬರ್‌ನಲ್ಲಿ ಅಮೆರಿಕ ವಯಸ್ಕರೆಲ್ಲರಿಗೂ ಬೂಸ್ಟರ್ ಎಂದಿತು.

ಎಪ್ಪತ್ತರ ಅಜ್ಜಿಗೆ ಮೂರನೇ ಡೋಸ್ ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ ಮೂರನೆಯದು, ಆಫ್ರಿಕಾದ ನರ್ಸ್‌ಗೆ ಮೊದಲನೆಯದೂ ಇಲ್ಲ ಎಂದರೆ ಮಾತ್ರ ಸರದಿ ತಪ್ಪಿದಂತೆ. ಹಾಗಂತ ಆ ಹುಡುಗ ತೋಳು ಒಡ್ಡದಿದ್ದರೆ ಅವನ ಡೋಸ್ ವಿಮಾನ ಹತ್ತುತ್ತಿರಲಿಲ್ಲ. ಸರದಿ ನಿಗದಿಯಾದದ್ದು ಖರೀದಿ ಒಪ್ಪಂದಗಳಲ್ಲಿ. ದಕ್ಷಿಣ ಆಫ್ರಿಕಾದ ಆಸ್ಪೆನ್ ಕಾರ್ಖಾನೆಯಲ್ಲಿ ಸೀಸೆಗೆ ತುಂಬಿದ ಜಾನ್ಸನ್ ಅಂಡ್ ಜಾನ್ಸನ್ ಲಸಿಕೆ ಆ ವರ್ಷ ಯುರೋಪಿಗೆ ಹೋಗುತ್ತಿತ್ತು! ಸ್ಥಳೀಯರು ಸಾಲಿನಲ್ಲಿ ಕಾಯುತ್ತಿದ್ದರು.

ಎಲ್ಲರ ಮನೆ ದೋಸೆಯೂ ತೂತೇ. ಬಡ ದೇಶಗಳಿಗೆ ಲಸಿಕೆ ಹಂಚಬೇಕಿದ್ದ ಕೋವ್ಯಾಕ್ಸ್ ನೆಚ್ಚಿಕೊಂಡಿದ್ದು ಪುಣೆಯ ಸೀರಂ ಸಂಸ್ಥೆಯನ್ನು. ಎರಡನೇ ಅಲೆ ಎದ್ದಾಗ ನಾವು ರಫ್ತು ತಡೆದೆವು, ಮತ್ತೆ ಶುರುವಾದದ್ದು ಅಕ್ಟೋಬರ್‌ಗೆ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದಾಗ ಯಾವ ಸರ್ಕಾರ ತಾನೇ ಲಸಿಕೆ ಹೊರಗೆ ಕಳಿಸೀತು? ಕಳಿಸಬೇಕಿತ್ತು ಎನ್ನುವ ಧೈರ್ಯ ನನಗೂ ಇಲ್ಲ. ಆದರೆ ಒಂದು ಖಂಡಕ್ಕೆ ಖಂಡವೇ ಒಂದು ಕಾರ್ಖಾನೆಯ ಗೇಟು ಕಾಯುವಂತೆ ಮಾಡಿದ್ದು ಯಾರು?

ಪೇಟೆಂಟ್ ಸಡಿಲಿಸಿ, ನಾಲ್ಕಾರು ಕಡೆ ತಯಾರಾಗಲಿ ಎಂದು ಭಾರತ, ದಕ್ಷಿಣ ಆಫ್ರಿಕಾಗಳು ವಿಶ್ವ ವ್ಯಾಪಾರ ಸಂಘಟನೆಯ ಮುಂದೆ 2020ರ ಅಕ್ಟೋಬರ್‌ನಲ್ಲೇ ಅರ್ಜಿ ಇಟ್ಟಿದ್ದವು. ನೀರು ಬೆರೆಸಿದ ಒಪ್ಪಿಗೆ ಬಂದದ್ದು 2022ರ ಜೂನ್‌ನಲ್ಲಿ. ಅಷ್ಟರಲ್ಲಿ ಲಸಿಕೆ ಕೇಳುವವರೇ ಕಡಿಮೆಯಾಗಿ, ಸೀರಂ ಕೋವಿಶೀಲ್ಡ್ ತಯಾರಿಕೆ ನಿಲ್ಲಿಸಿ ಆರು ತಿಂಗಳಾಗುತ್ತ ಬಂದಿತ್ತು.