ಕಟಕಟ ಸದ್ದು ಕೇಳಿಸುವ ಮೊದಲು

2020ರ ಲಾಕ್‌ಡೌನ್‌ನಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ತರಾತುರಿಯಲ್ಲಿ ಕೊಂಡ ಕಂಪ್ಯೂಟರುಗಳಿಗೆ ಈಗ ವಯಸ್ಸಾಗಿದೆ. ಹೊಸದಕ್ಕೆ ದುಡ್ಡು ಸಾಲದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಊರಿನ ಸರ್ವೀಸ್ ಅಂಗಡಿಯಿಂದಲೋ ಸೆಕೆಂಡ್ ಹ್ಯಾಂಡ್ ತಂದವರ ಯಂತ್ರಗಳು ಇನ್ನೂ ಹಳೆಯವು. ಕ್ಲಾಸು ಮುಗಿದು ವರ್ಷಗಳಾದರೂ ಅವು ಮನೆಯ ಮೂಲೆಯಲ್ಲಿ ದುಡಿಯುತ್ತಲೇ ಇವೆ. ಮದುವೆಯ ಫೋಟೊ, ಪಹಣಿಯ ಸ್ಕ್ಯಾನ್, ಆದಾಯ ತೆರಿಗೆಯ ಕಾಗದ, ಮಕ್ಕಳ ಅಂಕಪಟ್ಟಿ ಎಲ್ಲವೂ ಅಲ್ಲೇ. ಆನ್ ಆಗುತ್ತದಲ್ಲ, ಸಾಕು ಎಂದು ಮನೆಮಂದಿ ಸುಮ್ಮನಿದ್ದಾರೆ. ಸುಮ್ಮನಿರುವ ಕಾಲ ಇದಲ್ಲ.

ಮೊದಲ ಚಿಂತೆ ಹಾರ್ಡ್ ಡಿಸ್ಕಿನದು. ಹಳೆಯ ಯಂತ್ರಗಳಲ್ಲಿರುವುದು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆ. ಅದರ ಮೇಲೆ, ಕೂದಲೆಳೆಯೂ ತೂರದಷ್ಟು ಸಣ್ಣ ಅಂತರದಲ್ಲಿ, ಓದುವ ಹೆಡ್ ತೇಲುತ್ತಿರುತ್ತದೆ. ಓಡುತ್ತಿರುವಾಗ ಸಿಪಿಯು ಡಬ್ಬವನ್ನು ಎಳೆದಾಡುವುದು, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವುದು ಇವೆಲ್ಲ ಅದಕ್ಕೆ ಪೆಟ್ಟೇ. ಇಂಥ ಡಿಸ್ಕ್ ಕೆಡುವ ಮುನ್ನ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ: ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ, ಕಾಪಿ ಮಾಡುವಾಗ ನಡುವೆ ನಿಂತುಬಿಡುತ್ತದೆ, ಆನ್ ಮಾಡಿದಾಗ ತಾನಾಗಿ ಚೆಕ್ ಡಿಸ್ಕ್ ಓಡುತ್ತದೆ, ಕೊನೆಗೆ ಕಟಕಟ ಸದ್ದು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಸದ್ದು ಬರುವ ಮೊದಲೇ ವಿಷಯ ತಿಳಿಯಬಹುದು. ನೀಲಿ ಬಣ್ಣವಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಹಳದಿ ಬಂದು ‘ಕಾಷನ್’ ಎಂದಿದ್ದರೆ ಡಿಸ್ಕಿನ ಕೆಲವು ಜಾಗಗಳು ಕೆಟ್ಟು, ಅದು ಮೀಸಲು ಜಾಗ ಬಳಸಿಕೊಳ್ಳತೊಡಗಿದೆ ಎಂದೇ ಬಹುಪಾಲು ಅರ್ಥ. ಇಲ್ಲಿ ನಮ್ಮವರು ಮಾಡುವುದೇನು? ಸ್ಲೋ ಆಗಿದೆ ಎಂದು ಡಿಫ್ರಾಗ್ ಹಾಕುತ್ತಾರೆ, ಇಲ್ಲವೇ ‘ಫಾರ್ಮ್ಯಾಟ್ ಮಾಡಿ ಕೊಡಿ’ ಎಂದು ಅಂಗಡಿಗೆ ಹೊರುತ್ತಾರೆ. ಮೊದಲನೆಯದು ಸುಸ್ತಾದ ಡಿಸ್ಕನ್ನು ಇನ್ನಷ್ಟು ದುಡಿಸುತ್ತದೆ, ಎರಡನೆಯದು ಇದ್ದದ್ದನ್ನೂ ಅಳಿಸುತ್ತದೆ. ಹಳದಿ ಕಂಡ ದಿನ ಮಾಡಬೇಕಾದ ಕೆಲಸ ಒಂದೇ, ಮುಖ್ಯವಾದದ್ದನ್ನೆಲ್ಲ ಬೇರೆಡೆ ಕಾಪಿ ಮಾಡುವುದು. ಎಸ್‌ಎಸ್‌ಡಿ ಇರುವವರು ಬೀಗುವಂತಿಲ್ಲ. ಅದು ಸದ್ದೇ ಮಾಡುವುದಿಲ್ಲ. ಎಷ್ಟೋ ಸಲ ನಿನ್ನೆ ಇದ್ದದ್ದು ಇಂದು ಕಾಣಿಸುವುದೇ ಇಲ್ಲ.

ಬ್ಯಾಕಪ್ ಎಂದರೆ ಅದೇ ಡಿಸ್ಕಿನ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹಾಕುವುದು ಎಂದು ತಿಳಿದವರು ಇಂದಿಗೂ ಇದ್ದಾರೆ. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಹೊರಗಿನ ಒಂದು ಡಿಸ್ಕಿನಲ್ಲಿ ಒಂದು ಪ್ರತಿ, ಕ್ಲೌಡ್‌ನಲ್ಲೋ ತಂಗಿಯ ಮನೆಯಲ್ಲೋ ಇನ್ನೊಂದು ಪ್ರತಿ ಇರಬೇಕು. ಹೊರಗಿನ ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಟ್ಟರೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಅದಕ್ಕೂ ಬೀಗ ಬೀಳುತ್ತದೆ; ಕೆಲಸ ಮುಗಿದ ಮೇಲೆ ತೆಗೆದಿಡಿ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ನುಡಿ, ಬರಹದ ಹಳೆಯ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ. ಫಾಂಟುಗಳನ್ನೂ ಜೊತೆಗೇ ಉಳಿಸಿ. ಪುರುಸೊತ್ತಾದಾಗ ಯೂನಿಕೋಡ್‌ಗೆ ಬದಲಾಯಿಸಿ.

ದೂಳಿನ ವಿಷಯ ಹೊಸದಲ್ಲ. ಆದರೆ ಡಬ್ಬದ ಪಕ್ಕದ ತಗಡು ಬಿಚ್ಚಿ ನೋಡಿದವರು ಎಷ್ಟು ಮಂದಿ? ಪ್ರೊಸೆಸರ್ ಮೇಲಿನ ಫ್ಯಾನ್‌ನ ಕೆಳಗೆ, ಹೀಟ್ ಸಿಂಕಿನ ಎಲೆಗಳ ನಡುವೆ ದೂಳು ಕಂಬಳಿಯಂತೆ ಕೂತಿರುತ್ತದೆ. ಗಾಳಿ ಆಡದೆ ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸ್ಲೋ ಆಯಿತು ಎಂಬ ದೂರಿನ ಹಿಂದೆ ಕೆಲವೊಮ್ಮೆ ಇರುವುದು ಇಷ್ಟೇ. ಪ್ಲಗ್ ಕಿತ್ತು, ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಬ್ಲೋವರ್ ಊದಬೇಕು. ಬಿಟ್ಟರೆ ಅದು ಗಿರಗಿರನೆ ತಿರುಗಿ ಬೇರಿಂಗ್ ಕೆಡುತ್ತದೆ. ಗುಡುಗು ಸಿಡಿಲಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಲ್ಯಾನ್ ವೈರನ್ನೂ ತೆಗೆಯಬೇಕು.

‘ನಿಮ್ಮ ಕಂಪ್ಯೂಟರಿನಲ್ಲಿ ಸಾವಿರ ದೋಷಗಳಿವೆ’ ಎಂದು ಪರದೆಯಲ್ಲಿ ಹೆದರಿಸುವ ಕ್ಲೀನರ್‌ಗಳಿಗೆ ಮಾತ್ರ ಬಿಡಿಗಾಸೂ ಕೊಡಬೇಡಿ. ಜನಪ್ರಿಯವಾಗಿದ್ದ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೇ 2017ರಲ್ಲಿ ದುಷ್ಕರ್ಮಿಗಳು ಕುತಂತ್ರಾಂಶ ಸೇರಿಸಿದ್ದರು.

ಎರಡನೆಯ ಚಿಂತೆಗೆ ಗಡುವೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯಡಿ ಕಂಪನಿ ಮೊದಲು ಪ್ರಕಟಿಸಿದ ಗಡುವು 2026ರ ಅಕ್ಟೋಬರ್ 13. ಅದೂ ನೋಂದಾಯಿಸಿಕೊಂಡವರಿಗೆ ಮಾತ್ರ. ಅಪ್‌ಡೇಟ್ ನಿಂತ ಯಂತ್ರ ಮರುದಿನವೇ ಕೆಡುವುದಿಲ್ಲ, ಮೋಸವಿರುವುದೇ ಅಲ್ಲಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದಾಗ ಅದನ್ನು ತಡೆಯುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಉಳಿದವರು ಸಿಕ್ಕಿಬಿದ್ದರು. ಪ್ಯಾಚೇ ಬಾರದ ಯಂತ್ರದಲ್ಲಿ ನೆಟ್ ಬ್ಯಾಂಕಿಂಗ್ ಮಾಡುವುದು ಎಂಥ ಧೈರ್ಯ!

ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ, ಇಂಟೆಲ್‌ನಲ್ಲಾದರೆ ಸುಮಾರಾಗಿ 8ನೇ ತಲೆಮಾರಿನ ಪ್ರೊಸೆಸರ್‌ನಿಂದಾಚೆಯದೇ ಆಗಬೇಕು. ಅದನ್ನು ಒಪ್ಪದ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್ ತುಂಬಿದರೆ ಇಂಟರ್ನೆಟ್ಟಿಗೂ ಪತ್ರ ಬರೆಯಲಿಕ್ಕೂ ಇನ್ನೂ ಕೆಲವು ವರ್ಷ ಸಾಕು. ವಿಂಡೋಸ್ 11 ಆಗಲೇ ಇರುವವರು ತಮ್ಮ ಡಿಸ್ಕಿಗೆ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗಿದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಲಿ. ಆಗಿದ್ದರೆ, ಮದರ್‌ಬೋರ್ಡ್ ಬದಲಿಸಿದಾಗಲೋ ಬಯೋಸ್ ಮುಟ್ಟಿದಾಗಲೋ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರವನ್ನು ರಿಪೇರಿಗೆ ಒಯ್ಯುವ ಮುನ್ನ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.