ಗ್ಲೋಬು ಬೀರುವಿನಿಂದ ಹೊರಗೆ ಬರಲಿ

ಗೆಳೆಯರೇ, ಹೋದ ವಾರ ಗಣಿತದ ಪೀರಿಯಡ್‌ನಲ್ಲಿ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ವಿಮಾನಕ್ಕೆ ಎಷ್ಟು ಗಂಟೆ ಬೇಕು ಅನ್ನೋ ಲೆಕ್ಕ. ದೂರವನ್ನು ವೇಗದಿಂದ ಭಾಗಿಸಬೇಕು, ಅಷ್ಟು ನನಗೂ ಗೊತ್ತು. ಗೋಡೆಯ ಭೂಪಟಕ್ಕೆ ಸ್ಕೇಲ್ ಇಟ್ಟೆ. ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಎಲ್ಲ ದಾಟಿ ಸುಮಾರು 22,000 ಕಿ.ಮೀ. ಬಂತು. ಗಂಟೆಗೆ 900ರಂತೆ ಭಾಗಿಸಿದರೆ ಇಪ್ಪತ್ನಾಲ್ಕು ಗಂಟೆಗೂ ಮೇಲೆ. ಉತ್ತರ ತಪ್ಪು. ಹಿಂದಿನ ಬೆಂಚಿನವರು ನಕ್ಕರು, ನಗಲಿ ಬಿಡಿ. ನನ್ನ ಭಾಗಾಕಾರ ಸರಿಯಾಗೇ ಇತ್ತು. ನಾನು ಕೆಟ್ಟದ್ದು ಭೂಪಟವನ್ನು ನಂಬಿ.

ಕಡೂರು, ತರೀಕೆರೆ, ಅಜ್ಜಂಪುರ ಇವುಗಳ ನಡುವಿನ ನೇರ ದೂರವನ್ನು ಜಿಲ್ಲೆಯ ಭೂಪಟದಲ್ಲಿ ಸ್ಕೇಲಿಂದ ಅಳೆದರೆ ಮೋಸವಿಲ್ಲ. ಅಷ್ಟು ಹತ್ತಿರಕ್ಕೆ ಭೂಮಿಯ ಉಬ್ಬು ಲೆಕ್ಕಕ್ಕೇ ಬರಲ್ಲ. ಅರ್ಧ ಭೂಮಿ ಸುತ್ತೋವಾಗ ಹಾಗಲ್ಲ. ದುಂಡಗಿರೋದನ್ನ ಚಪ್ಪಟೆ ಮಾಡಿದರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು.

ಆಮೇಲೆ ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿದ್ದ ಗ್ಲೋಬನ್ನು ಐದು ನಿಮಿಷಕ್ಕೆ ಕೇಳಿ ಪಡೆದೆ. ಸಮಭಾಜಕ ವೃತ್ತಕ್ಕೆ ನೂಲು ಸುತ್ತಿದೆ, 63 ಸೆಂ.ಮೀ. ಅಂದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಎರಡು ಊರಿನ ನಡುವೆ ಅದೇ ನೂಲನ್ನು ಬಿಗಿಯಾಗಿ ಎಳೆದೆ. ಅದು ಆಫ್ರಿಕಾ ಕಡೆ ತಿರುಗಲೇ ಇಲ್ಲ! ಚೀನಾ, ಸೈಬೀರಿಯಾ ಮೇಲೆ ಹಾದು ಅಲಾಸ್ಕಾ ಕಡೆಯಿಂದ ಇಳಿಯಿತು. 22 ಸೆಂ.ಮೀ. ತ್ರೈರಾಶಿ ಹಾಕಿದರೆ ಸುಮಾರು 14,000 ಕಿ.ಮೀ.

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತವರ ಜೊತೆಯ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ಪೈಲಟ್‌ಗಳೆಲ್ಲ ಹೆಂಗಸರೇ. ನಕ್ಕ ಹುಡುಗರು ಇದನ್ನೂ ಓದಲಿ. ಅವರು ಹಾರಿದ್ದು ಸುಮಾರು 16,000 ಕಿ.ಮೀ. ನೂಲಿನ ದಾರಿಗಿಂತ ಜಾಸ್ತಿ, ಯಾಕಂದ್ರೆ ಪೈಲಟ್‌ಗಳು ಗಾಳಿ ನೋಡಿ ದಾರಿ ಹಿಡೀತಾರೆ. ಹಿಂದಿನಿಂದ ಗಾಳಿ ತಳ್ಳಿದರೆ ಸುತ್ತು ದಾರಿಯೇ ಬೇಗ.

ಅವರು ಹೊರಟಿದ್ದು 9ನೇ ತಾರೀಖು ಶನಿವಾರ ರಾತ್ರಿ ಎಂಟೂವರೆಗೆ, ಇಳಿದದ್ದು 11ನೇ ತಾರೀಖು ಸೋಮವಾರ ಬೆಳಗಿನ ಜಾವ ಮೂರರ ಮೇಲೆ. ನಮ್ಮ ತರಗತಿಯಲ್ಲೇ ಇದಕ್ಕೆ "ಎರಡು ದಿನ" ಅಂದವರಿದ್ದಾರೆ. ಗಡಿಯಾರದಲ್ಲಿ ಮೂವತ್ತೂವರೆ ಗಂಟೆ ಹೌದು. ಆದರೆ ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಅದನ್ನು ಕಳೆಯಿರಿ, ಹದಿನೇಳು ಗಂಟೆ. ಅಲ್ಲಿ ಶನಿವಾರ ರಾತ್ರಿ ಆಗಿದ್ದಾಗ ಇಲ್ಲಿ ಭಾನುವಾರ ಬೆಳಗ್ಗೆ ಹತ್ತು ಗಂಟೆ.

ಇಷ್ಟನ್ನೂ ನನಗೆ ಕಲಿಸಿದ್ದು ಐದು ನಿಮಿಷದ ಗ್ಲೋಬು. ಅದು ಇನ್ಸ್‌ಪೆಕ್ಷನ್ ದಿನ ಮಾತ್ರ ಹೊರಗೆ ಬರುತ್ತೆ. ಮಕ್ಕಳ ಕೈಗೆ ಕೊಟ್ಟರೆ ಒಡೆಯುತ್ತೆ ಅನ್ನೋದು ನಿಜವೇ. ಆದರೆ ಬೀಗದೊಳಗೆ ಧೂಳು ತಿಂದು ಅದರ ಬಣ್ಣ ಈಗಲೇ ಹೋಗಿದೆ, ಶ್ರೀಲಂಕಾ ಕಾಣೋದೇ ಇಲ್ಲ. ದಯವಿಟ್ಟು ಮೇಷ್ಟ್ರುಗಳು ಅದನ್ನು ತರಗತಿಯಲ್ಲಿ ಇಡಿಸಬೇಕು. ಒಡೆದರೆ ತಲಾ ಇಷ್ಟು ಅಂತ ಹಾಕ್ಕೊಂಡು ಹೊಸದು ತರೋಣ. ನೂಲಿನ ಉಂಡೆ ನಾನು ಮನೆಯಿಂದ ತರ್ತೀನಿ.